ನೀಲಗಿರಿಯ ಕಪ್ಪು ಚಹ: ಅದರ ಗುಣ, ತಯಾರಿಕೆ, ಮತ್ತು ಚಿತ್ರದುರ್ಗದ ಸೀಮೆಯಲ್ಲಿ ಅದನ್ನು ಬಳಸುವವರು ತಿಳಿದಿರಬೇಕಾದ ಸಂಗತಿಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಚಹದ ಬೇಸಾಯವಿಲ್ಲ. ಆದರೂ ಚಹವಿಲ್ಲದ ಗ್ರಾಮವನ್ನು ಈ ಸೀಮೆಯಲ್ಲಿ ಹುಡುಕಿದರೂ ಕಾಣುವುದು ಕಷ್ಟ. ಬೆಳಗಿನ ಜಾವದಲ್ಲಿ ಹೊಲಕ್ಕೆ ಹೊರಡುವ ಆರಂಬಗಾರನಿಂದ ಮೊದಲುಗೊಂಡು, ನ್ಯಾಯ ಹೇಳಲು ಕಟ್ಟೆಯ ಮೇಲೆ ಕುಳಿತ ಯಜಮಾನರವರೆಗೆ, ಕೂಲಿಯಾಳಿಗೂ ನೆಂಟರಿಗೂ ಒಂದೇ ಸಮನಾಗಿ ಕೊಡತಕ್ಕ ಪಾನೀಯವು ಇದಾಗಿದೆ. ಹಿಂದೆ ಮನೆಗೆ ಬಂದವರಿಗೆ ಬೆಲ್ಲ ನೀರನ್ನೋ ಮಜ್ಜಿಗೆಯನ್ನೋ ಕೊಡುತ್ತಿದ್ದರು. ಚಹವು ಆ ಸ್ಥಾನವನ್ನು ತಾನಾಗಿಯೇ ಪಡೆಯಲಿಲ್ಲ. ೧೯೦೩ನೆಯ ಇಸವಿಯಲ್ಲಿ ಚಹದ ಮೇಲೆ ಒಂದು ಸಣ್ಣ ತೆರಿಗೆಯನ್ನು ಏರ್ಪಡಿಸಿ, ಆ ಹಣದಿಂದ ಚಹದ ಪ್ರಚಾರವನ್ನು ಆರಂಭಿಸಲಾಯಿತು. ೧೯೩೦ರ ದಶಕದಲ್ಲಿ ಸಂತೆ ಜಾತ್ರೆಗಳಲ್ಲಿ ಜನರಿಗೆ ಬಿಟ್ಟಿಯಾಗಿ ಚಹವನ್ನು ಕುಡಿಸಿ ಅಭ್ಯಾಸ ಹಿಡಿಸಿದ್ದು ಈ ಪ್ರಚಾರದ ಫಲವೇ ಆಗಿದೆ. ಬಿಟ್ಟಿಯಾಗಿ ಬಂದ ಪದಾರ್ಥಕ್ಕೆ ಈಗ ಪ್ರತಿಯೊಂದು ಕುಟುಂಬವೂ ತಿಂಗಳು ತಿಂಗಳೂ ಹಣ ತೆರುತ್ತಿರುವುದರಿಂದ, ಆ ಪದಾರ್ಥವು ಯಾವುದು, ಎಲ್ಲಿಂದ ಬರುತ್ತದೆ, ಹೇಗೆ ತಯಾರಾಗುತ್ತದೆ, ಈ ಸೀಮೆಯ ನೀರಿನೊಡನೆ ಸೇರಿದಾಗ ಏನಾಗುತ್ತದೆ ಎಂಬುದನ್ನು ತಿಳಿಯುವುದು ಅವಶ್ಯಕವಾಗಿದೆ.

ಗಿಡದ ಸ್ವರೂಪ

ಚಹದ ಗಿಡವನ್ನು ಸಸ್ಯಶಾಸ್ತ್ರಜ್ಞರು ಕೆಮೆಲಿಯ ಸೈನೆನ್ಸಿಸ್ ಎಂದು ಕರೆಯುತ್ತಾರೆ. ಇದರಲ್ಲಿ ಸಣ್ಣ ಎಲೆಯ ಚೀಣಾ ಜಾತಿ, ದೊಡ್ಡ ಎಲೆಯ ಅಸ್ಸಾಂ ಜಾತಿ ಎಂದು ಎರಡು ಮುಖ್ಯ ಬಗೆಗಳುಂಟು. ಹಾಗೆಯೇ ಬಿಟ್ಟರೆ ಇದು ಮರವಾಗಿ ಬೆಳೆಯತಕ್ಕದ್ದು. ತೋಟಗಳಲ್ಲಿ ಮಾತ್ರ ಕತ್ತರಿಸಿ ಕತ್ತರಿಸಿ ಸೊಂಟದೆತ್ತರದ ಪೊದೆಯಾಗಿ ಇಟ್ಟಿರುತ್ತಾರೆ. ಕಪ್ಪು ಚಹಕ್ಕೆ ಒಂದು ಗಿಡ, ಹಸುರು ಚಹಕ್ಕೆ ಇನ್ನೊಂದು ಗಿಡ ಎಂದು ಹಲವರು ತಿಳಿದಿರುವುದು ತಪ್ಪು. ಒಂದೇ ಗಿಡದ ಒಂದೇ ಕೊನೆಯ ಎಲೆಯಿಂದ ಎರಡನ್ನೂ ಮಾಡಬಹುದು. ಭೇದವು ಕಾರ್ಖಾನೆಯಲ್ಲಿ ಉಂಟಾಗುತ್ತದೆಯೇ ಹೊರತು ತೋಟದಲ್ಲಿ ಅಲ್ಲ.

ನೀಲಗಿರಿ ಬೆಟ್ಟಗಳಿಗೆ ಚಹದ ಸಸಿಗಳು ಮೊದಲು ಬಂದದ್ದು ೧೮೩೫ರಲ್ಲಿ. ಚೀಣಾ ದೇಶದ ಬೀಜದಿಂದ ಬೆಳೆಸಿದ ಸಸಿಗಳನ್ನು ಕಲ್ಕತ್ತೆಯಿಂದ ಕಳುಹಿಸಿ, ಕೇತಿಯ ಪ್ರಯೋಗ ಕ್ಷೇತ್ರದಲ್ಲಿ ನೆಡಲಾಯಿತು. ಆ ಪ್ರಯೋಗವು ಅಷ್ಟಾಗಿ ಫಲ ಕೊಡಲಿಲ್ಲ. ೧೮೫೦ರ ದಶಕದಲ್ಲಿ ಕೂನೂರಿನ ಸುತ್ತ ತೋಟಗಳು ಎದ್ದವು. ಅಲ್ಲಿಂದ ಮುಂದೆ ಬೇಸಾಯವು ಕೋಟಗಿರಿ, ಕುಂದಾ, ಗೂಡಲೂರು ಕಡೆಗಳಿಗೆ ಹಬ್ಬಿತು. ಇಂದು ಮೂರು ಸಾವಿರ ಅಡಿಗಳಿಂದ ಹಿಡಿದು ಎಂಟು ಸಾವಿರ ಅಡಿಗಳ ಎತ್ತರದವರೆಗೂ ಅಲ್ಲಿ ಚಹದ ಗಿಡಗಳಿವೆ. ಕರ್ಣಾಟಕದೊಳಗೂ ಚಹವಿಲ್ಲದೆ ಇಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಂಸೆ ಮೊದಲಾದ ಕಡೆಗಳಲ್ಲಿಯೂ ಕೊಡಗಿನಲ್ಲಿಯೂ ತೋಟಗಳಿವೆ. ಆದರೆ ಅವೆಲ್ಲವೂ ಸೇರಿ ಎರಡು ಸಾವಿರ ಹೆಕ್ಟೇರುಗಳ ಆಸುಪಾಸಿನಲ್ಲಿಯೇ ಇವೆ. ಮಲೆನಾಡಿನ ಭೂಮಿಯನ್ನು ಕಾಫಿಯು ಮೊದಲೇ ಆಕ್ರಮಿಸಿಕೊಂಡಿದ್ದುದು ಇದಕ್ಕೆ ಮುಖ್ಯ ಕಾರಣ.

ಈ ಸೀಮೆಯಲ್ಲಿ ಚಹವನ್ನು ಬೆಳೆಯಬಹುದೇ?

ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಕೊಳವೆ ಬಾವಿಯ ನೀರಿನಿಂದ ಅಡಿಕೆ ತೋಟಗಳು ಎದ್ದಿರುವುದನ್ನು ಕಂಡವರಿಗೆ, ಮಲೆನಾಡಿನ ಇನ್ನೊಂದು ಬೆಳೆಯಾದ ಚಹವೂ ಇಲ್ಲಿ ಏಕೆ ಬರಬಾರದೆಂಬ ಪ್ರಶ್ನೆ ಹುಟ್ಟುವುದು ಸಹಜವೇ. ಜೋಗಿಮಟ್ಟಿಯ ತಂಪನ್ನು ಊಟಿಗೆ ಹೋಲಿಸಿ ಮಾತನಾಡುವವರೂ ಉಂಟು. ಎತ್ತರವೊಂದನ್ನೇ ನೋಡಿದರೆ ಜೋಗಿಮಟ್ಟಿಯು ಮೂರೂವರೆ ಸಾವಿರ ಅಡಿಗಳಿಗೆ ಮೀರಿದ್ದು, ನೀಲಗಿರಿಯ ಕೆಳಗಿನ ತೋಟಗಳಿಗೆ ಸಮನಾಗಿದೆ ಎಂಬುದು ನಿಜ. ಆದರೆ ಚಹಕ್ಕೆ ಬೇಕಾದದ್ದು ಎತ್ತರವಲ್ಲ. ಮಳೆ, ತೇವದ ಗಾಳಿ, ಹುಳಿ ಮಣ್ಣು ಈ ಮೂರು.

ಮಳೆಯು ವರ್ಷಕ್ಕೆ ೧೨೦೦ ಮಿಲಿಮೀಟರಿಗೆ, ಅಂದರೆ ಸುಮಾರು ೪೭ ಅಂಗುಲಗಳಿಗೆ, ಕಡಿಮೆಯಿಲ್ಲದಂತೆ ಬೀಳಬೇಕು; ಅದೂ ಹಲವು ತಿಂಗಳುಗಳಲ್ಲಿ ಹಂಚಿಹೋಗಿ ಬೀಳಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಬೀಳುವ ಮಳೆಯು ಸಾಧಾರಣವಾಗಿ ೫೦೦ರಿಂದ ೭೦೦ ಮಿಲಿಮೀಟರಿನ ಒಳಗೆ. ಕೊರತೆಯನ್ನು ಬಾವಿಯ ನೀರಿನಿಂದ ತುಂಬಬಹುದೆಂದರೂ ಗಾಳಿಯ ಒಣತನವನ್ನು ಯಾವ ಪಂಪೂ ಹೋಗಲಾಡಿಸಲಾರದು. ಮಾರ್ಚ್, ಏಪ್ರಿಲ್ ತಿಂಗಳುಗಳ ಬಿಸಿಗಾಳಿಗೆ ಚಹದ ಎಳೆಯ ಕೊನೆಗಳು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಚಹದಲ್ಲಿ ಎಳೆಯ ಕೊನೆಯೇ ಫಸಲು.

ಮಣ್ಣಿನ ತೊಡಕು ಇದಕ್ಕಿಂತ ಹಿರಿದು. ಮಣ್ಣಿನ ಹುಳಿ ಕ್ಷಾರಗಳನ್ನು ಅಳೆಯುವ ಮಾನದಲ್ಲಿ ೭ ಎಂಬುದು ಸಮಸ್ಥಿತಿ. ಅದಕ್ಕೆ ಕೆಳಗಿನದು ಹುಳಿ, ಮೇಲಿನದು ಕ್ಷಾರ. ಚಹಕ್ಕೆ ಒಪ್ಪುವುದು ೪.೫ರಿಂದ ೫.೫. ಹಿರಿಯೂರಿನ ಎರೆ ಭೂಮಿಯು ಸುಣ್ಣದ ಹರಳುಗಳಿಂದ ಕೂಡಿ ೮ಕ್ಕೂ ಮೇಲೆ ಇರುತ್ತದೆ. ಇಂತಹ ಭೂಮಿಯಲ್ಲಿ ನೆಟ್ಟ ಚಹದ ಸಸಿಯು ಕಬ್ಬಿಣ ಮುಂತಾದ ಸಾರಗಳನ್ನು ಹೀರಲಾರದೆ ಹಳದಿಯಾಗಿ ಸಾಯುತ್ತದೆ. ಗಂಧಕವನ್ನು ಹಾಕಿ ಹುಳಿ ಮಾಡಿದರೂ ಒಳಗಿರುವ ಸುಣ್ಣವೂ ಕೊಳವೆ ಬಾವಿಯ ಗಡಸು ನೀರೂ ಸೇರಿ ಭೂಮಿಯನ್ನು ಬೇಗನೆ ಮೊದಲಿನ ಸ್ಥಿತಿಗೆ ತರುತ್ತವೆ. ಹೊಳಲ್ಕೆರೆಯ ಕೆಂಪು ಮಸಾರೆಯು ಇದಕ್ಕಿಂತ ಮೇಲೆಂದರೂ, ಅದೇ ನೀರನ್ನು ವರ್ಷಗಟ್ಟಲೆ ಕುಡಿಸಿದರೆ ಅದರ ಗತಿಯೂ ಅಷ್ಟೇ. ಅಡಿಕೆಯು ಸಮಸ್ಥಿತಿಯ ಮಣ್ಣನ್ನು ಸಹಿಸುತ್ತದೆ, ಚಹವು ಸಹಿಸುವುದಿಲ್ಲ. ಒಂದು ಬೆಳೆಯನ್ನು ನೋಡಿ ಇನ್ನೊಂದನ್ನು ಊಹಿಸುವುದು ಸಲ್ಲದು. ಆದುದರಿಂದ ಚಹದ ಸಸಿಗಳಿಗಾಗಿ ಈ ಸೀಮೆಯ ರೈತರು ಹಣವನ್ನು ವ್ಯಯ ಮಾಡದಿರುವುದೇ ಯೋಗ್ಯ.

ಹಸುರೆಲೆಯು ಕಪ್ಪು ಚಹವಾಗುವ ಬಗೆ

ಮೊದಲನೆಯದು ಕೊಯ್ಲು. ಕೊನೆಯ ಮೊಗ್ಗು, ಅದರ ಕೆಳಗಿನ ಎರಡು ಎಳೆಯ ಎಲೆ, ಇವಿಷ್ಟನ್ನೇ ಕೀಳುವುದು ಉತ್ತಮ ಪದ್ಧತಿ. ಏಳರಿಂದ ಹದಿನಾಲ್ಕು ದಿನಗಳಿಗೊಮ್ಮೆ ಅದೇ ಗಿಡಕ್ಕೆ ಮರಳಿ ಬರಬೇಕು. ಸುಗ್ಗಿಯೆಂದು ಒಂದು ಕಾಲವಿಲ್ಲ, ಬಿಡುವೆಂದು ಒಂದು ಕಾಲವೂ ಇಲ್ಲ. ಕೈನುರಿತ ಹೆಂಗಸೊಬ್ಬಳು ದಿನಕ್ಕೆ ಇಪ್ಪತ್ತರಿಂದ ಮೂವತ್ತು ಕಿಲೋ ಎಲೆಯನ್ನು ಕೀಳಬಹುದು. ಒಂದು ಕಿಲೋ ತಯಾರಾದ ಚಹಕ್ಕೆ ನಾಲ್ಕರಿಂದ ನಾಲ್ಕೂವರೆ ಕಿಲೋ ಹಸುರೆಲೆ ಬೇಕಾಗುತ್ತದೆ. ಎಕರೆಗೆ ೮೦೦ ಕಿಲೋ ತಯಾರಿ ಚಹವನ್ನು ಕೊಡುವ ತೋಟವೆಂದರೆ ೩೬೦೦ ಕಿಲೋದಷ್ಟು ಎಲೆಯಾಯಿತು. ದಿನಕ್ಕೆ ಇಪ್ಪತ್ತೈದು ಕಿಲೋದಂತೆ ಲೆಕ್ಕ ಹಿಡಿದರೆ ಬರಿಯ ಕೊಯ್ಲಿಗೇ ಎಕರೆಗೆ ೧೪೪ ಆಳುಗಳು ಬೇಕು. ಈಗ ಕೂಲಿ ದುರ್ಲಭವಾದ ಕಡೆಗಳಲ್ಲಿ ಕತ್ತರಿಯಿಂದಲೂ ಯಂತ್ರದಿಂದಲೂ ಕೊಯ್ಯುತ್ತಾರೆ. ಅದರಿಂದ ಖರ್ಚು ಇಳಿಯುತ್ತದೆ, ಆದರೆ ಬಲಿತ ಎಲೆಯೂ ಕಡ್ಡಿಯೂ ಸೇರಿ ಗುಣವೂ ಇಳಿಯುತ್ತದೆ.

ಕಿತ್ತ ಎಲೆಯನ್ನು ಒತ್ತಿ ತುಂಬಿದರೆ ಅದು ಬೆವೆತು ಕಾವೇರಿ ಕೆಡುತ್ತದೆ. ಹೀಗಾಗಿ ಅದೇ ದಿನ ಅದು ಕಾರ್ಖಾನೆಯನ್ನು ಸೇರಲೇಬೇಕು. ಅಲ್ಲಿ ಉದ್ದವಾದ ತೊಟ್ಟಿಗಳ ಮೇಲೆ ತೆಳುವಾಗಿ ಹರಡಿ, ಕೆಳಗಿನಿಂದ ಗಾಳಿಯನ್ನು ಬಿಟ್ಟು, ಹನ್ನೆರಡರಿಂದ ಹದಿನೆಂಟು ಗಂಟೆಗಳ ಕಾಲ ಬಾಡಿಸುತ್ತಾರೆ. ಬಾಡಿದ ಎಲೆಯು ಮುರಿಯದೆ ಬಳುಕುತ್ತದೆ. ಬಾಡಿಸುವುದರಿಂದ ನೀರು ಹೋಗುವುದಷ್ಟೇ ಅಲ್ಲದೆ, ಪರಿಮಳಕ್ಕೆ ಮೂಲವಾದ ವಸ್ತುಗಳೂ ಎಲೆಯಲ್ಲಿ ಈ ಹೊತ್ತಿನಲ್ಲಿಯೇ ಉತ್ಪನ್ನವಾಗುತ್ತವೆ.

ಅನಂತರ ಎಲೆಯನ್ನು ಜಜ್ಜಬೇಕು. ಇದರಲ್ಲಿ ಎರಡು ಮಾರ್ಗಗಳಿವೆ. ಹಳೆಯದಾದ ಆರ್ಥಡಾಕ್ಸ್ ಮಾರ್ಗದಲ್ಲಿ ಎಲೆಯನ್ನು ದೊಡ್ಡ ತಟ್ಟೆಗಳ ನಡುವೆ ಅಂಗೈಯಲ್ಲಿ ಹೊಸೆದಂತೆ ಹೊಸೆಯುತ್ತಾರೆ. ಎಲೆಯು ಸುರುಳಿ ಸುತ್ತಿಕೊಂಡು ತನ್ನ ರೂಪವನ್ನು ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳುತ್ತದೆ. ಎರಡನೆಯದು ಸಿ.ಟಿ.ಸಿ. ಎಂಬ ಮಾರ್ಗ. ೧೯೩೦ರಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತನು ಇದಕ್ಕೆ ಬೇಕಾದ ಯಂತ್ರವನ್ನು ನಿರ್ಮಿಸಿದನು. ಹಲ್ಲುಗಳುಳ್ಳ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರಲು, ಅವುಗಳ ಸಂದಿನಲ್ಲಿ ಸಿಕ್ಕ ಎಲೆಯು ಜಜ್ಜಿ, ಹರಿದು, ಸುರುಳಿಗೊಂಡು ರಾಗಿಯ ಕಾಳಿನಂತಹ ಹರಳಾಗಿ ಹೊರಬೀಳುತ್ತದೆ. ಈ ಸೀಮೆಯ ಅಂಗಡಿಗಳಲ್ಲಿ ಮಾರುವುದು ಬಹುಪಾಲು ಈ ಎರಡನೆಯ ಬಗೆಯೇ.

ಜಜ್ಜಿದ ಮೇಲೆ ನಡೆಯುವ ಕ್ರಿಯೆಯೇ ಕಪ್ಪು ಚಹದ ಪ್ರಾಣ. ಬದನೆಕಾಯಿಯನ್ನು ಹೆಚ್ಚಿ ಗಾಳಿಗಿಟ್ಟರೆ ಕ್ಷಣಮಾತ್ರದಲ್ಲಿ ಕಂದುಬಣ್ಣಕ್ಕೆ ತಿರುಗುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಚಹದ ಎಲೆಯಲ್ಲಿ ಆಗುವುದೂ ಅದೇ. ಎಲೆಯ ಒಗರು ಒಂದು ಕಡೆ, ಅದನ್ನು ಮಾರ್ಪಡಿಸುವ ಕಿಣ್ವವು ಇನ್ನೊಂದು ಕಡೆ ಬೇರೆ ಬೇರೆಯಾಗಿ ಇರುತ್ತವೆ. ಜಜ್ಜಿದಾಗ ಎರಡೂ ಬೆರೆತು, ಗಾಳಿಯ ಆಮ್ಲಜನಕದೊಡನೆ ಕೂಡಿ, ಹಸುರು ಹೋಗಿ ತಾಮ್ರದ ಬಣ್ಣವು ಬರುತ್ತದೆ. ಈ ಒಗರು ಅಡಿಕೆಯ ಚೊಗರಿನ ಜಾತಿಗೇ ಸೇರಿದ್ದೆಂಬುದನ್ನು ಹೊಳಲ್ಕೆರೆಯವರಿಗೆ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹೀಗೆ ಉತ್ಪನ್ನವಾಗುವ ವಸ್ತುಗಳಲ್ಲಿ ಥಿಯಫ್ಲೇವಿನ್ ಎಂಬುದು ಚಹಕ್ಕೆ ಹೊಳಪನ್ನೂ ಚುರುಕನ್ನೂ, ಥಿಯರೂಬಿಜಿನ್ ಎಂಬುದು ಗಾಢವಾದ ಬಣ್ಣವನ್ನೂ ಕೊಡುತ್ತವೆ. ಇದನ್ನು ಹುದುಗುವಿಕೆಯೆಂದು ಕರೆಯುವ ವಾಡಿಕೆಯಿದ್ದರೂ ದೋಸೆಯ ಹಿಟ್ಟಿನಲ್ಲಿ ಆಗುವ ಹುದುಗಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸೂಕ್ಷ್ಮ ಜೀವಿಗಳ ಕೆಲಸವೇ ಇಲ್ಲ. ಸಿ.ಟಿ.ಸಿ. ಚಹಕ್ಕೆ ಇದಕ್ಕಾಗಿ ಸುಮಾರು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ, ಆರ್ಥಡಾಕ್ಸಿಗೆ ಅದಕ್ಕಿಂತ ಹೆಚ್ಚು ಹೊತ್ತು ಸಾಕಾಗುತ್ತದೆ. ಕಾಲವು ಕಡಿಮೆಯಾದರೆ ಹಸಿ ಒಗರು ಉಳಿಯುತ್ತದೆ. ಹೆಚ್ಚಾದರೆ ಬಣ್ಣವೇನೋ ಕಪ್ಪಾಗುತ್ತದೆ, ರುಚಿಯು ಸಪ್ಪೆಯಾಗುತ್ತದೆ. ಕೊಠಡಿಯ ತಂಪನ್ನೂ ತೇವವನ್ನೂ ಕಾದಿಡುವುದು ಈ ಹಂತದಲ್ಲಿ ಮುಖ್ಯ. ಹಸುರು ಚಹವನ್ನು ಮಾಡುವವರು ಎಲೆಯನ್ನು ಮೊದಲೇ ಹಬೆಗೋ ಬಾಣಲೆಗೋ ಕೊಟ್ಟು, ಅಡಿಕೆಯನ್ನು ಬೇಯಿಸಿದ ಹಾಗೆ, ಕಿಣ್ವವನ್ನು ಕೊಂದುಬಿಡುತ್ತಾರೆ. ಆದಕಾರಣ ಅದು ಹಸುರಾಗಿಯೇ ಉಳಿಯುತ್ತದೆ.

ತಕ್ಕ ಬಣ್ಣ ಬಂದೊಡನೆ ನೂರು ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಬಿಸಿಗಾಳಿಯಲ್ಲಿ ಒಣಗಿಸಿ, ನೂರಕ್ಕೆ ಎರಡು ಮೂರು ಪಾಲು ಮಾತ್ರ ತೇವ ಉಳಿಯುವಂತೆ ಮಾಡುತ್ತಾರೆ. ಕೊನೆಯಲ್ಲಿ ಜರಡಿಗಳ ಮೇಲೆ ಹಾಯಿಸಿ, ನಾರು ಕಡ್ಡಿಗಳನ್ನು ತೆಗೆದು, ಗಾತ್ರವನ್ನನುಸರಿಸಿ ವಿಂಗಡಿಸುತ್ತಾರೆ.

ಡಸ್ಟ್ ಎಂಬ ಹೆಸರಿನ ವಿಷಯವಾಗಿ ಒಂದು ಮಾತು ಹೇಳಬೇಕಾಗಿದೆ. ಡಸ್ಟ್ ಚಹವೆಂದರೆ ಕಾರ್ಖಾನೆಯ ನೆಲವನ್ನು ಗುಡಿಸಿ ತುಂಬಿದ ಕಸವೆಂದು ಅನೇಕರು ನಂಬಿರುತ್ತಾರೆ. ಅದು ನಿಜವಲ್ಲ. ಜರಡಿಯ ಕೆಳಗಿನ ಅತಿ ಸಣ್ಣ ಹರಳಿಗೆ ವ್ಯಾಪಾರದಲ್ಲಿ ಇಟ್ಟ ಹೆಸರು ಅದು. ಹಾಲು ಬೆರೆಸಿ ಕುದಿಸುವ ದಕ್ಷಿಣದೇಶದ ಪದ್ಧತಿಗೆ ಬೇಗ ಬಣ್ಣ ಬಿಡುವ ಸಣ್ಣ ಹರಳೇ ಹಿಡಿಸುವುದರಿಂದ ಇಲ್ಲಿ ಅದಕ್ಕೆ ಗಿರಾಕಿ ಹೆಚ್ಚು. ನಿಜವಾದ ಕಸಕ್ಕೂ ಇದಕ್ಕೂ ಇರುವ ಭೇದವನ್ನು ಕಂಡುಹಿಡಿಯುವುದು ಕೊಳ್ಳುವವರ ಕೆಲಸ. ಅದರ ಉಪಾಯಗಳನ್ನು ಮುಂದೆ ಹೇಳಿದೆ.

ನೀಲಗಿರಿ ಚಹದ ಗುಣ

ನೀಲಗಿರಿಗೆ ಮುಂಗಾರು ಹಿಂಗಾರುಗಳೆರಡರ ಮಳೆಯೂ ಸಿಕ್ಕುತ್ತದೆ. ಹೀಗಾಗಿ ಗಿಡವು ವರ್ಷವೆಲ್ಲಾ ಚಿಗುರುತ್ತದೆ. ಅಸ್ಸಾಂ, ದಾರ್ಜಿಲಿಂಗುಗಳಲ್ಲಿ ಚಳಿಗಾಲದಲ್ಲಿ ಕೊಯ್ಲು ನಿಲ್ಲುವಂತೆ ಇಲ್ಲಿ ನಿಲ್ಲುವುದಿಲ್ಲ. ಅಸ್ಸಾಮಿನ ಚಹವು ಗಾಢವಾದದ್ದು, ನಾಲಗೆಯ ಮೇಲೆ ಭಾರವಾಗಿ ಕೂರತಕ್ಕದ್ದು. ನೀಲಗಿರಿಯದು ತಿಳಿಯಾದ, ಹೊಳೆಯುವ ಕೆಂಬಣ್ಣದ, ಚುರುಕಾದ ಮತ್ತು ಹೂವಿನ ವಾಸನೆಯನ್ನು ಹೋಲುವ ಪರಿಮಳವುಳ್ಳ ಚಹ. ತಣ್ಣಗಾದರೂ ಇದು ಅಷ್ಟಾಗಿ ಕದಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ರಾತ್ರಿ ಇಬ್ಬನಿಯು ಹೆಪ್ಪುಗಟ್ಟುವಷ್ಟು ಚಳಿಯಿರುವಾಗ, ಚಿಗುರು ಮೆಲ್ಲಮೆಲ್ಲನೆ ಬರುತ್ತದೆ. ಆ ಕಾಲದ ಚಹಕ್ಕೆ ಪರಿಮಳವು ಅಧಿಕ, ಬೆಲೆಯೂ ಅಧಿಕ. ಅದೇ ಹೆಪ್ಪು ಮಂಜು ಮಿತಿ ಮೀರಿದರೆ ತೋಟವೇ ಸುಟ್ಟಂತೆ ಕರಕಾಗುತ್ತದೆ. ನೀಲಗಿರಿಯ ಆರ್ಥಡಾಕ್ಸ್ ಚಹಕ್ಕೆ, ದಾರ್ಜಿಲಿಂಗಿನ ಚಹಕ್ಕಿರುವಂತೆ, ಸ್ಥಳನಾಮದ ಕಾನೂನು ರಕ್ಷಣೆಯೂ ದೊರೆತಿದೆ.

ಆದರೆ ಈ ಉತ್ತಮ ಗುಣದ ಚಹವು ಹಿರಿಯೂರಿನ ಸಂತೆಗೆ ಬರುವುದು ಅಪೂರ್ವ. ಅದು ಬಹುಮಟ್ಟಿಗೆ ಹೊರದೇಶಗಳಿಗೆ ಹೋಗುತ್ತದೆ. ಇಲ್ಲಿ ದೊರೆಯುವ ಪೊಟ್ಟಣಗಳಲ್ಲಿ ಹಲವು ಸೀಮೆಗಳ ಸಿ.ಟಿ.ಸಿ. ಚಹಗಳನ್ನು ಬೆರೆಸಿರುತ್ತಾರೆ. ಬೆರೆಸುವುದು ಮೋಸವಲ್ಲ, ವರ್ಷವೆಲ್ಲಾ ಒಂದೇ ರುಚಿಯನ್ನು ಕೊಡಲು ಅದು ಬೇಕಾದದ್ದೇ.

ಸಣ್ಣ ಹಿಡುವಳಿದಾರರ ಸ್ಥಿತಿ

ನೀಲಗಿರಿಯ ಚಹದಲ್ಲಿ ದೊಡ್ಡ ಪಾಲನ್ನು ಬೆಳೆಯುವವರು ದೊರೆಗಳ ಕಾಲದ ದೊಡ್ಡ ಎಸ್ಟೇಟಿನವರಲ್ಲ. ಒಂದೆರಡು ಎಕರೆಗಳನ್ನು ಹೊಂದಿದ ಹತ್ತಾರು ಸಾವಿರ ಸಣ್ಣ ರೈತರು. ಅವರಲ್ಲಿ ಮುಖ್ಯರಾದ ಬಡಗರ ನುಡಿಯು ಕನ್ನಡಕ್ಕೆ ತೀರ ಹತ್ತಿರವಾದದ್ದು. ಬಡಗಣ ದಿಕ್ಕಿನ ಮೈಸೂರು ಸೀಮೆಯಿಂದ ಬೆಟ್ಟವನ್ನೇರಿ ಬಂದವರೆಂಬುದೇ ಅವರ ಹೆಸರಿನ ಅರ್ಥ. ಅವರು ಮೊದಲು ಬೆಳೆಯುತ್ತಿದ್ದದ್ದು ರಾಗಿ, ಸಾಮೆ, ಆಮೇಲೆ ಆಲೂಗಡ್ಡೆ. ಕ್ರಮೇಣ ಅವೆಲ್ಲವನ್ನೂ ಬಿಟ್ಟು ಚಹವೊಂದನ್ನೇ ನೆಚ್ಚಿದರು.

ಬೆಲೆಯಿದ್ದಷ್ಟು ಕಾಲ ಇದು ಲಾಭಕರವಾಗಿಯೇ ಇತ್ತು. ದಕ್ಷಿಣದ ಚಹವನ್ನು ಹೇರಳವಾಗಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವು ೧೯೯೧ರಲ್ಲಿ ಒಡೆಯಿತು. ೧೯೯೮ರ ಬಳಿಕ ಹಸುರೆಲೆಯ ಬೆಲೆಯು ಕುಸಿದು, ಕೊಯ್ಲಿನ ಕೂಲಿಗೂ ಸಾಲದ ಸ್ಥಿತಿಯೊದಗಿತು. ರಾಗಿಯಾದರೆ ಕಣಜದಲ್ಲಿ ತುಂಬಿಟ್ಟು ಬೆಲೆಗಾಗಿ ಕಾಯಬಹುದು. ಕೊಬ್ಬರಿಯನ್ನು ಅಟ್ಟದ ಮೇಲೆ ಇಟ್ಟು ಕಾಯುವುದನ್ನು ಹೊಸದುರ್ಗದವರು ಚೆನ್ನಾಗಿ ಬಲ್ಲರು. ಚಹದ ಹಸುರೆಲೆಗೆ ಮಾತ್ರ ಒಂದು ಹಗಲಿನ ಆಯುಸ್ಸು. ಕಾರ್ಖಾನೆಯವರು ಹೇಳಿದ ಬೆಲೆಗೆ ಸಂಜೆಯೊಳಗೆ ಕೊಡಬೇಕು, ಇಲ್ಲವೆ ತಿಪ್ಪೆಗೆ ಹಾಕಬೇಕು. ಕೀಳದೆ ಬಿಟ್ಟರೆ ಕೊನೆಯು ಬಲಿತು ಮುಂದಿನ ಫಸಲೂ ಕೆಡುತ್ತದೆ.

ಇದಕ್ಕೆ ಪ್ರತೀಕಾರವಾಗಿ ಅಲ್ಲಿಯ ರೈತರು ಸಹಕಾರ ಸಂಘದ ಕಾರ್ಖಾನೆಗಳನ್ನು ೧೯೬೦ರ ದಶಕದಿಂದಲೇ ಕಟ್ಟಿಕೊಂಡು ಬಂದಿದ್ದಾರೆ; ಅವುಗಳ ಒಕ್ಕೂಟಕ್ಕೆ ಇಂಡ್ಕೋಸರ್ವ್ ಎಂದು ಹೆಸರು. ಕೂನೂರಿನಲ್ಲಿ ೧೯೬೩ರಿಂದ ಚಹದ ಹರಾಜು ನಡೆಯುತ್ತಿದೆ. ೨೦೦೩ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರಾಟ ನಿಯಂತ್ರಣದ ಆಜ್ಞೆಯ ಮೇರೆಗೆ, ತಯಾರಿ ಚಹಕ್ಕೆ ಬಂದ ಬೆಲೆಯಲ್ಲಿ ರೈತನಿಗೆ ಇಷ್ಟು ಪಾಲು, ಕಾರ್ಖಾನೆಗೆ ಇಷ್ಟು ಪಾಲು ಎಂಬ ಸೂತ್ರವೂ ಏರ್ಪಟ್ಟಿದೆ. ಇಷ್ಟಾದರೂ ಬೆಲೆಯ ವಿಷಯದಲ್ಲಿ ಅಲ್ಲಿಯ ರೈತರ ಮೊರೆಯು ಪೂರ್ಣವಾಗಿ ನಿಂತಿಲ್ಲ. ಕೊಯ್ದ ದಿನವೇ ಮಾರಬೇಕಾದ ಯಾವ ಬೆಳೆಯನ್ನಾಗಲಿ ಹೊಸದಾಗಿ ಹಿಡಿಯುವ ಗ್ರಾಮದವರು, ಸಸಿಯ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಕೊಳ್ಳುವವರು ಎಷ್ಟು ಮಂದಿ ಮತ್ತು ಎಷ್ಟು ದೂರದಲ್ಲಿದ್ದಾರೆಂಬುದನ್ನು ವಿಚಾರಿಸತಕ್ಕದ್ದು.

ನೀರಿನ ವಿಚಾರ

ಮೇಲೆ ಹೇಳಿದ್ದೆಲ್ಲವೂ ದೂರದ ಬೆಟ್ಟದ ವಿಷಯ. ಈ ಸೀಮೆಯ ಜನರಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ನೀರಿನ ವಿಷಯ. ಚಹದ ಲೋಟದಲ್ಲಿ ಸೊಪ್ಪಿನ ಪಾಲು ಅತ್ಯಲ್ಪ. ಹಾಲನ್ನು ಬಿಟ್ಟರೆ ಉಳಿದದ್ದೆಲ್ಲಾ ನೀರೇ.

ಕೊಳವೆ ಬಾವಿಯ ನೀರು ಇಲ್ಲಿ ಬಹುತೇಕ ಗಡಸು. ಆ ನೀರಿನಲ್ಲಿ ಮಾಡಿದ ಚಹದ ಮೇಲೆ ಎಣ್ಣೆಯ ತೆಳುಪದರದಂತಹ ಕೆನೆ ಕಟ್ಟುವುದನ್ನು ಅನೇಕರು ನೋಡಿರಬಹುದು. ಅದು ಹಾಲಿನ ಕೆನೆಯಲ್ಲ. ನೀರಿನ ಸುಣ್ಣವೂ ಚಹದ ಒಗರೂ ಕೂಡಿ ಆದ ಮಡ್ಡಿ. ಗಡಸು ನೀರಿನಲ್ಲಿ ಚಹವು ಹೊಳಪಿಲ್ಲದೆ ಮಂಕಾಗುತ್ತದೆ, ರುಚಿಯೂ ಸಪ್ಪೆಯಾಗುತ್ತದೆ. ಸಪ್ಪೆಯಾಯಿತೆಂದು ಗೃಹಿಣಿಯರು ಇನ್ನೊಂದು ಚಮಚ ಪುಡಿಯನ್ನು ಹಾಕುತ್ತಾರೆ. ಹೀಗೆ ನೀರಿನ ದೋಷಕ್ಕೆ ಚಹದ ಅಂಗಡಿಗೆ ದಂಡ ಕಟ್ಟಿದಂತಾಗುತ್ತದೆ. ಬಣ್ಣ ಬರಲೆಂದು ಅಡಿಗೆ ಸೋಡವನ್ನು ಹಾಕುವುದು ಇನ್ನೂ ತಪ್ಪು. ಕ್ಷಾರದಿಂದ ಚಹವು ಕಪ್ಪಾಗಿ ಕಾಣುವುದೇ ಹೊರತು ಸತ್ವವೇನೂ ಹೆಚ್ಚುವುದಿಲ್ಲ. ಗಡಸು ನೀರನ್ನು ಮೊದಲೇ ಕುದಿಸಿ, ತಣಿದ ಮೇಲೆ ತಳದಲ್ಲಿ ಕುಳಿತ ಸುಣ್ಣವನ್ನು ಬಿಟ್ಟು ತಿಳಿಯನ್ನು ಮಾತ್ರ ಬಗ್ಗಿಸಿಕೊಂಡರೆ ಈ ದೋಷವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಕುದಿಸಿದರೆ ಹೋಗದ ದೋಷವೊಂದಿದೆ. ಅದು ಫ್ಲೋರೈಡ್. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಇದು ಮಿತಿ ಮೀರಿ ಇರುವುದು ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮಿನವರೆಗೆ ಇರಬಹುದು. ಬೇರೆ ನೀರೇ ಇಲ್ಲದ ಕಡೆ ೧.೫ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಸಂಸ್ಥೆಯವರು ವಿಧಿಸಿದ್ದಾರೆ. ಇದಕ್ಕೆ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ದೊಡ್ಡವರಲ್ಲಿ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ.

ಚಹದ ಗಿಡವು ಹುಳಿ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುವ ಸ್ವಭಾವವುಳ್ಳದ್ದು. ಬಲಿತ ಎಲೆಯಲ್ಲಿ ಇದು ಹೆಚ್ಚು, ಎಳೆಯದರಲ್ಲಿ ಕಡಿಮೆ. ಆದುದರಿಂದ ಅಗ್ಗದ ಚಹದಲ್ಲಿ ಹೆಚ್ಚಾಗಿರುವ ಸಂಭವವುಂಟು. ಶುದ್ಧವಾದ ನೀರಿನಲ್ಲಿ ಮಾಡಿದ ಕಪ್ಪು ಚಹದ ಲೀಟರಿನಲ್ಲಿಯೂ ಒಂದರಿಂದ ನಾಲ್ಕು ಮಿಲಿಗ್ರಾಮ್ ಇರುವುದು ಸಾಮಾನ್ಯ. ಒಂದು ಲೆಕ್ಕವನ್ನು ನೋಡಬಹುದು. ದಿನಕ್ಕೆ ಐದು ಸಣ್ಣ ಲೋಟ, ಅಂದರೆ ೬೦೦ ಮಿಲಿಲೀಟರ್ ಕರಿ ಚಹವನ್ನು ಕುಡಿಯುವವನಿಗೆ, ಸೊಪ್ಪಿನಿಂದ ಲೀಟರಿಗೆ ೨ ಮಿಲಿಗ್ರಾಮಿನಂತೆ ೧.೨ ಮಿಲಿಗ್ರಾಮ್ ಸೇರುತ್ತದೆ. ನೀರಿನಲ್ಲಿ ೧.೫ ಇದ್ದರೆ ಅದರಿಂದ ೦.೯, ಒಟ್ಟು ೨.೧. ನೀರಿನಲ್ಲಿ ೩ ಇದ್ದರೆ ಒಟ್ಟು ೩ ಮಿಲಿಗ್ರಾಮ್. ಇದು ಬರಿಯ ಚಹದಿಂದ ಬಂದದ್ದು. ಕುಡಿದ ನೀರಿನದೂ, ಮುದ್ದೆ ಸಾರುಗಳಿಗೆ ಹಾಕಿದ ನೀರಿನದೂ ಬೇರೆ. ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿಯಲು ಬಿಟ್ಟರೆ ನೀರು ಆವಿಯಾಗಿ ಫ್ಲೋರೈಡು ಉಳಿಯುವುದರಿಂದ, ಒಂದು ಲೀಟರು ಮುಕ್ಕಾಲು ಲೀಟರಾದಾಗ ೧.೫ ಇದ್ದದ್ದು ೨ ಆಗುತ್ತದೆ.

ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು, ಚಹಕ್ಕೂ ಅಡಿಗೆಗೂ ನಲ್ಲಿಯ ನೀರು ಎಂಬ ಪದ್ಧತಿಯು ಇರುವ ಮನೆಗಳವರು ಇದನ್ನು ಮುಖ್ಯವಾಗಿ ಯೋಚಿಸಬೇಕು. ಘಟಕದ ನೀರನ್ನೇ ಚಹಕ್ಕೂ ಬಳಸಿದರೆ ಗಡಸುತನವೂ ಫ್ಲೋರೈಡೂ ಎರಡೂ ಕಡಿಮೆಯಾಗಿ, ಅರ್ಧ ಚಮಚ ಪುಡಿಯೂ ಉಳಿಯುತ್ತದೆ. ಘಟಕವಿಲ್ಲದ ಗ್ರಾಮಗಳಲ್ಲಿ ಮಾಳಿಗೆಯ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟು ಬಳಸಬಹುದು. ಮಳೆನೀರಿನಲ್ಲಿ ಈ ದೋಷವು ಕಾಣುವುದಿಲ್ಲ. ಕೆರೆಯ, ಅಣೆಕಟ್ಟಿನ ನೀರಿನಲ್ಲಿಯೂ ಸಾಮಾನ್ಯವಾಗಿ ಕಡಿಮೆ. ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ೧೯೩೩ರ ಮೇಲೆ ೨೦೨೨ರಲ್ಲಿ ಕೋಡಿ ಬಿದ್ದಾಗ ಜನರು ಸಂತೋಷಪಟ್ಟದ್ದು ಬೆಳೆಗಾಗಿ. ಕುಡಿಯುವ ನೀರಿನ ದೃಷ್ಟಿಯಿಂದಲೂ ಅದು ಸಂತೋಷಪಡತಕ್ಕ ವಿಷಯವೇ ಆಗಿತ್ತು. ಊರಿನ ಮುಖಂಡರು ತಮ್ಮ ಗ್ರಾಮದ ಪ್ರತಿಯೊಂದು ಕೊಳವೆ ಬಾವಿಯ ನೀರನ್ನೂ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಒಂದೇ ಊರಿನ ಎರಡು ಬಾವಿಗಳಲ್ಲಿ ಫ್ಲೋರೈಡಿನ ಪ್ರಮಾಣವು ಬೇರೆ ಬೇರೆ ಇರುವುದುಂಟು.

ಎಳೆಯ ಮಕ್ಕಳಿಗೆ ಹಾಲಿನ ಬದಲು ಚಹವನ್ನು ಕೊಡುವ ಅಭ್ಯಾಸವನ್ನು ನಿಲ್ಲಿಸಬೇಕು. ಊಟದೊಡನೆಯಾಗಲಿ ಊಟವಾದ ಕೂಡಲೇ ಆಗಲಿ ಚಹವನ್ನು ಕುಡಿಯುವುದೂ ಒಳ್ಳೆಯದಲ್ಲ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಚಹದ ಒಗರು ಹಿಡಿದುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಬಸುರಿ ಬಾಣಂತಿಯರು ಊಟಕ್ಕೂ ಚಹಕ್ಕೂ ಒಂದು ಗಂಟೆಗೆ ಕಡಿಮೆಯಿಲ್ಲದ ಅಂತರವಿಡುವುದು ಅವಶ್ಯಕ. ರಕ್ತಹೀನತೆ ಹೆಚ್ಚಾಗಿ ಕಾಣುವುದು ಅವರಲ್ಲಿಯೇ.

ಕಲಬೆರಕೆಯನ್ನು ಗುರುತಿಸುವುದು

ಬಿಡಿಯಾಗಿ ತೂಗಿ ಮಾರುವ ಚಹದಲ್ಲಿ ಕಡಲೆ ಹೊಟ್ಟು, ಹುಣಿಸೆ ಬೀಜದ ಸಿಪ್ಪೆ, ಗೋಡಂಬಿಯ ಒಳಸಿಪ್ಪೆ, ಒಮ್ಮೆ ಕುದಿಸಿ ಒಣಗಿಸಿದ ಚರಟ ಇವುಗಳನ್ನು ಸೇರಿಸಿ, ಬಣ್ಣ ಕಟ್ಟಿ ಮಾರುವ ಮೋಸವು ಹಳೆಯದು. ಮನೆಯಲ್ಲಿಯೇ ಮಾಡತಕ್ಕ ಪರೀಕ್ಷೆಗಳು ಮೂರು ನಾಲ್ಕಿವೆ. ತಣ್ಣೀರಿನಲ್ಲಿ ಒಂದು ಚಿಟಿಕೆ ಪುಡಿಯನ್ನು ಹಾಕಿದಾಗ ಶುದ್ಧವಾದದ್ದು ನಿಧಾನವಾಗಿ ಬಣ್ಣ ಬಿಡುತ್ತದೆ. ಬಿದ್ದೊಡನೆ ಕೆಂಪೋ ಕಿತ್ತಳೆಯೋ ಹರಿದರೆ ಬಣ್ಣ ಹಾಕಿದೆಯೆಂದು ತಿಳಿಯಬೇಕು. ಒದ್ದೆ ಮಾಡಿದ ಹೀರುಗಾಗದದ ಮೇಲೆ ಪುಡಿಯನ್ನು ಹರಡಿದರೂ ಇದೇ ತೋರುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ಗಾಜಿನ ಚೂರಿನ ಮೇಲೆ ಬಳಿದು ಅದರ ಮೇಲೆ ಪುಡಿಯನ್ನು ಉದುರಿಸಿದರೆ, ಶುದ್ಧ ಚಹವು ಸ್ವಲ್ಪ ಹೊತ್ತಿನ ಮೇಲೆ ನಸು ಹಸುರು ಹಳದಿಯಾಗುತ್ತದೆ; ಕೂಡಲೇ ಕೆಂಪು, ಕಿತ್ತಳೆ ಬಣ್ಣಗಳು ಹರಡಿದರೆ ಅದು ಡಾಂಬರಿನಿಂದ ತೆಗೆದ ಬಣ್ಣ. ಪುಡಿಯ ಮೇಲೆ ಅಯಸ್ಕಾಂತವನ್ನಾಡಿಸಿದರೆ ಕಬ್ಬಿಣದ ಚೂರು ಅಂಟುತ್ತದೆ. ಯಂತ್ರದ ಉರುಳೆಗಳು ಸವೆಯುವುದರಿಂದ ಒಂದೆರಡು ಕಣಗಳು ಇರಬಹುದು. ಗೊಂಚಲಾಗಿ ಅಂಟಿದರೆ ಮಾತ್ರ ಸಂಶಯಪಡಬೇಕು. ಕುದಿಸಿ ಒಣಗಿಸಿದ ಚರಟವನ್ನು ಮನೆಯಲ್ಲಿ ಕಂಡುಹಿಡಿಯುವುದು ಕಷ್ಟ. ಬೆಲೆಯು ಮಿತಿಮೀರಿ ಅಗ್ಗವಾಗಿದ್ದರೆ ಅದೇ ಸೂಚನೆ.

ಸಂಶಯವುಂಟಾದ ಪುಡಿಯನ್ನು ಎಸೆಯದೆ, ಕೊಂಡ ರಸೀತಿಯೊಡನೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಒಪ್ಪಿಸಬೇಕು. ೨೦೦೬ರ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ಇಂತಹ ಮಾರಾಟವು ದಂಡನಾರ್ಹವಾಗಿದೆ. ಶುದ್ಧವಾದ ಚಹವನ್ನು ಕೊಂಡವರು ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯ ಹಬೆಗೂ ಇಂಗು, ಈರುಳ್ಳಿ, ಸೀಮೆಎಣ್ಣೆಗಳ ವಾಸನೆಗೂ ದೂರವಾಗಿ ಇಡತಕ್ಕದ್ದು. ಒಣಗಿದ ಚಹವು ತೇವವನ್ನೂ ಪರವಾಸನೆಯನ್ನೂ ಬಹು ಬೇಗ ಹೀರಿಕೊಳ್ಳುತ್ತದೆ.